ಎದುರಿನ ಬಾಗಿಲು

ವಿಮಾನ ನಿಲ್ದಾಣದ ಪಕ್ಕದ ಹೋಟೆಲು, ಕೋಣೆ ೪೧೨
ಮಾರ್ಚ್ ೬, ಬುಧವಾರ ಮಧ್ಯಾಹ್ನ

ಪ್ರೀತಿಯ ಏಣಿ,

ಬೈಯಬೇಡ. ಬೈಯಲೇಬೇಕು ಅನ್ನಿಸಿದರೆ ಪತ್ರ ಪೂರ್ತಿ ಓದಿ ಆಮೇಲೆ ಬೈ. ನಿನ್ನ ಪತ್ರ ಬಂದು ಏಳು ವಾರವಾಯಿತು. ಮೂರು ಸಲ ಉತ್ತರ ಬರೆಯಲು ಕೂತೆ, ಮೂರು ಸಲವೂ 'ನಾನು ಕ್ಷೇಮ, ನೀನು ಹೇಗಿದ್ದೀ' ಎನ್ನುವಲ್ಲಿಗೇ ಪೆನ್ನು ನಿಂತುಹೋಯಿತು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀ. ಫೋನಿನಲ್ಲಿ ನನಗೆ ಮಾತಾಡಲು ನೀನು ಬಿಟ್ಟರೆ ತಾನೆ!

ನೀನು ಕೇಳಿದ್ದು ಎರಡು ಪ್ರಶ್ನೆ. ಮಗಳಿಗೆ ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂದಿದೆ, ಒಂದು ನಮ್ಮ ಹಳೆಯ ವಿಮಾನ ಕಂಪನಿಯ ಫಸ್ಟ್ ಕ್ಲಾಸಿಗೆ, ಇನ್ನೊಂದು ಯಾರೋ ದೊಡ್ಡ ವ್ಯಾಪಾರಿಯ ಸ್ವಂತ ಜೆಟ್ಟಿಗೆ, ಯಾವುದಕ್ಕೆ ಕಳಿಸಲಿ ಎನ್ನುವುದು ಮೊದಲನೆಯದು. ಹನ್ನೊಂದು ವರ್ಷ ಒಂದೇ ಕ್ಯಾಬಿನ್ನಿನಲ್ಲಿ ನಿನ್ನ ಜೊತೆ ದುಡಿದ ನಾನು ಹೇಳದೆ ಕೇಳದೆ ಜೆಟ್ಟಿಗೆ ಯಾಕೆ ಹೊರಟುಹೋದೆ ಎನ್ನುವುದು ಎರಡನೆಯದು. "ಒಂಬತ್ತು ವರ್ಷದಿಂದ ಕೇಳ್ಬೇಕು ಅಂತಿದ್ದೆ ಕಣೇ, ಈಗ ಕೇಳ್ತಿದೀನಿ" ಎಂದು ಬರೆದಿದ್ದೀ. ಅದರ ಕೆಳಗೆ ಮಗಳ ಕೈಬರಹ: "ಚಿಕ್ಕಮ್ಮ, ಮಾರ್ಚ್ ಹದಿನೈದನೇ ತಾರೀಕಿಗೆ ಸಹಿ ಹಾಕ್ಬೇಕು. ನೀವು ಎಲ್ಲಿಗೆ ಅಂತೀರೋ ಅಲ್ಲಿಗೇ ಹೋಗ್ತೀನಿ." ನನ್ನ ಹಳೆಯ ಟೋಪಿ ಹಾಕಿಕೊಂಡು, ಊಟಕ್ಕೆ ಕೂತ ಅಪ್ಪನಿಗೆ "ಬೆಲ್ಟ್ ಹಾಕ್ಕೊಳಿ ಸಾರ್" ಎಂದು ಗದರಿಸುತ್ತಿದ್ದ ಕೂಸು ಇದೇನಾ? ನಮಗೆ ಇಷ್ಟು ವಯಸ್ಸಾಯಿತೇ?

ಇರಲಿ. ಮೊದಲ ಪ್ರಶ್ನೆ ಮೊದಲು.

ಜೆಟ್ಟಿನ ಸುಖ ಸುಳ್ಳಲ್ಲ. ಸಾಲು ಇಲ್ಲ, ನೂಕುನುಗ್ಗಲು ಇಲ್ಲ, ಮೇಲಿನ ಗೂಡಿನಲ್ಲಿ ಪೆಟ್ಟಿಗೆ ತುರುಕಲು ಜಗಳ ಇಲ್ಲ. ಕಾರು ಮೆಟ್ಟಿಲ ಬುಡಕ್ಕೇ ಬಂದು ನಿಲ್ಲುತ್ತದೆ. ಜೆಟ್ಟಿನ ಯಜಮಾನರು ಇಳಿದು ಹತ್ತು ಹೆಜ್ಜೆ ಹಾಕಿದರೆ ಸೀಟು. ಇರುವುದು ಹನ್ನೆರಡು ಸೀಟು, ಕೂರುವವರು ಹೆಚ್ಚಾಗಿ ಅವರೊಬ್ಬರೇ. ಹದಿಮೂರು ಗಂಟೆ ಹಾರಿದರೂ ಅವರ ಬಾಯಿಂದ ಬರುವುದು ಮೂರೇ ಮಾತು: "ನೀರು", "ಸಾಕು", "ಬಂತಾ?" ಪೈಲಟ್‌ಗಳಿಬ್ಬರು ಬಾಗಿಲ ಆಚೆ. ಉಳಿದದ್ದಕ್ಕೆಲ್ಲ ನಾನೇ. ಅಂಗಡಿಗೆ ಹೋಗಿ ಹಣ್ಣು ಆರಿಸುವವಳು, ಸೂಪು ಬಿಸಿ ಮಾಡುವವಳು, ಬಡಿಸುವವಳು, ಕೊನೆಗೆ ಕಕ್ಕಸು ತೊಳೆಯುವವಳು. ನಮ್ಮ ಮನೆಯವರು ಯಾರಿಗಾದರೂ ನನ್ನ ಪರಿಚಯ ಮಾಡಿಕೊಡುವಾಗ "ಸ್ವಂತ ಜೆಟ್ಟಲ್ಲಿ ಓಡಾಡ್ತಾಳೆ" ಅನ್ನುತ್ತಾರೆ. ಈ ಕೊನೆಯ ಕೆಲಸದ ಸುದ್ದಿ ಮಾತ್ರ ಎತ್ತುವುದಿಲ್ಲ.

ಮೊದಲ ದಿನದ ಕಥೆ ನಿನಗೆ ಗೊತ್ತಿಲ್ಲ. ಬಾಗಿಲು ಮುಚ್ಚಿದ್ದೇ ತಡ, ಅಭ್ಯಾಸಬಲ ನೋಡು, ಮೈಕು ಕೈಗೆತ್ತಿಕೊಂಡು "ಮಹನೀಯರೇ, ಮಹಿಳೆಯರೇ" ಎಂದು ಶುರು ಮಾಡಿಬಿಟ್ಟೆ. ಯಜಮಾನರು ಪೇಪರು ಇಳಿಸಿ ಹಿಂದೆ ತಿರುಗಿ ನೋಡಿದರು. ಯಾರೂ ಇಲ್ಲ. "ನನಗಾ?" ಎಂದರು. ಅವತ್ತಿನಿಂದ ಆ ಮಾತು ನನ್ನ ಬಾಯಿಂದ ಹೊರಗೆ ಬಂದಿಲ್ಲ. ಒಮ್ಮೊಮ್ಮೆ ಹೋಟೆಲಿನ ಕನ್ನಡಿ ಮುಂದೆ ಹೇಳಿಕೊಳ್ಳುತ್ತೇನೆ, ನಗಬೇಡ.

ಇನ್ನು ಕಾಯುವ ಕಥೆ. ಈ ಕೋಣೆಗೆ ಬಂದು ಇವತ್ತಿಗೆ ಒಂಬತ್ತು ದಿನ. ಯಜಮಾನರ ವ್ಯವಹಾರ ಮುಗಿಯಬೇಕು, ಫೋನು ಬರಬೇಕು, ಎರಡು ಗಂಟೆಯೊಳಗೆ ಹೊರಡಬೇಕು. ಅಲ್ಲಿಯವರೆಗೆ ಸ್ನಾನಕ್ಕೆ ಹೋದರೂ ಫೋನನ್ನು ಸೋಪಿನ ಪಕ್ಕ ಇಟ್ಟುಕೊಳ್ಳಬೇಕು. ಕಿಟಕಿ ತೆರೆದರೆ ಕಾರು ನಿಲ್ಲಿಸುವ ಜಾಗ, ಅದರಾಚೆ ಬೇಲಿ, ಬೇಲಿಯಾಚೆ ನಮ್ಮ ಹಳೆಯ ಕಂಪನಿಯ ವಿಮಾನಗಳ ಬಾಲ. ಅವುಗಳನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಜೆಟ್ಟಿನಲ್ಲಿ ಹಾಸಿಗೆ ಹಾಸುವಾಗ ಪ್ರತಿ ಸಲ ನಿನ್ನ ನೆನಪಾಗುತ್ತದೆ. ಫಸ್ಟ್ ಕ್ಲಾಸಿನಲ್ಲಿ ಸೀಟು ಮಲಗಿಸಿ ನೀನು ತಲೆಯ ಕಡೆ, ನಾನು ಕಾಲ ಕಡೆ ನಿಂತರೆ ಎರಡು ನಿಮಿಷದ ಕೆಲಸ. ನಿನ್ನ ಏಣಿಯಂಥ ಎತ್ತರದಿಂದ ಹೊದಿಕೆ ಎಸೆಯುವಾಗ ಬೇಕಂತಲೇ ನನ್ನ ತಲೆ ಮೇಲೆ ಹಾಕುತ್ತಿದ್ದೆಯಲ್ಲ, ಕತ್ತೆ! ಈಗ ನಾನೊಬ್ಬಳೇ ಈ ಮೂಲೆ ಸಿಕ್ಕಿಸಿ ಆ ಮೂಲೆಗೆ ಓಡುತ್ತೇನೆ. ಅಷ್ಟರಲ್ಲಿ ಮೊದಲ ಮೂಲೆ ಎದ್ದು ಕೂತಿರುತ್ತದೆ.

ಆ ಮೇಷ್ಟ್ರಮ್ಮ ನೆನಪಿದ್ದಾರಾ? ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಫಸ್ಟ್ ಕ್ಲಾಸ್ ಟಿಕೆಟ್ ತೆಗೆಸಿಕೊಟ್ಟಿದ್ದರಲ್ಲ, ಅವರು. ಊಟವಾದ ಮೇಲೆ ಪರದೆ ಸರಿಸಿ, ತಟ್ಟೆ ಹಿಡಿದುಕೊಂಡು ನಮ್ಮ ಅಡುಗೆ ಮೂಲೆಗೇ ಬಂದು, "ಇದನ್ನ ಎಲ್ಲಿ ತೊಳೀಲಿ ಮಕ್ಳೇ?" ಎಂದರು. ನಾನಾಗಿದ್ದರೆ "ಕೂತ್ಕೊಳಿ ಅಮ್ಮ" ಎಂದು ವಾಪಸು ಕಳಿಸುತ್ತಿದ್ದೆ. ನೀನು ಅವರ ಕೈಗೊಂದು ಬಟ್ಟೆ ಕೊಟ್ಟು, "ಲೋಟ ಒರೆಸಿಕೊಡಿ ಮೇಡಂ, ನಮಗೂ ಸಾಕಾಗಿದೆ" ಎಂದೆ. ಮುಕ್ಕಾಲು ಗಂಟೆ ಲೋಟ ಒರೆಸುತ್ತಾ ನಮ್ಮಿಬ್ಬರ ಮದುವೆ, ಮಕ್ಕಳು, ಅತ್ತೆಯಂದಿರು ಎಲ್ಲವನ್ನೂ ವಿಚಾರಿಸಿಕೊಂಡರು. ಇಳಿಯುವಾಗ ನಿನ್ನ ಗಲ್ಲ ಹಿಡಿದು ಅತ್ತರು. ಆ ಮೂಲೆಯಲ್ಲಿ ನಿಂತುಕೊಂಡು ಒಂದೇ ತಟ್ಟೆಯಲ್ಲಿ ಇಬ್ಬರೂ ಉಂಡ ಅನ್ನದ ರುಚಿ ನನಗೆ ಮತ್ತೆಲ್ಲೂ ಸಿಗಲಿಲ್ಲ, ಏಣಿ. ಇದನ್ನು ಉತ್ಪ್ರೇಕ್ಷೆ ಅಂದುಕೋಬೇಡ.

ಈಗ ಹೋದ ತಿಂಗಳ ಸುದ್ದಿ. ಜೆಟ್ಟು ರಿಪೇರಿಗೆ ಹೋಗಿತ್ತು. ಯಜಮಾನರಿಗೆ ತುರ್ತು. ಹಾಗಾಗಿ ಅವರಿಗೂ, ಅವರ ಔಷಧಿ ಕಾಗದಪತ್ರ ನೋಡಿಕೊಳ್ಳಲು ನನಗೂ, ನಮ್ಮ ಹಳೆಯ ಕಂಪನಿಯ ಫಸ್ಟ್ ಕ್ಲಾಸಿನಲ್ಲೇ ಸೀಟು! ಪರದೆಯ ಬಣ್ಣ ಬದಲಾಗಿದೆ, ಉಳಿದದ್ದು ಹಾಗೇ ಇದೆ. ಬಿಸಿ ಟವೆಲು ತಂದ ಹುಡುಗಿ, "ಮೊದಲ ಸಲವಾ ಮೇಡಂ?" ಎಂದಳು. "ಹೂಂನಮ್ಮ" ಎಂದೆ. ಎದ್ದು ಅವಳ ಕೈಯ ತಟ್ಟೆ ಇಸಿದುಕೊಳ್ಳದಂತೆ ನನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಯಜಮಾನರದ್ದು ಬೇರೆಯೇ ಸಂಭ್ರಮ. ಕಿಟಕಿಯ ಪರದೆ ಮುಚ್ಚುವ ವಿಷಯಕ್ಕೆ ಪಕ್ಕದ ಸೀಟಿನ ಮುದುಕನ ಜೊತೆ ಅರ್ಧ ಗಂಟೆ ಜಗಳವಾಡಿದರು. ಆಮೇಲೆ ನನ್ನ ಕಡೆ ಬಾಗಿ, "ನೋಡಿದ್ರಾ? ನನ್ನನ್ನೇ ಗದರಿಸಿಬಿಟ್ಟ!" ಎಂದರು. ಒಂಬತ್ತು ವರ್ಷದಲ್ಲಿ ಅವರ ಮುಖ ಅಷ್ಟು ಅರಳಿದ್ದು ನಾನು ನೋಡಿರಲಿಲ್ಲ. ಜೆಟ್ಟಿನಲ್ಲಿ ಜಗಳಕ್ಕೂ ಜನ ಇಲ್ಲ ಪಾಪ.

ಆದರೆ ನಾನು ಹೇಳಹೊರಟಿದ್ದು ಅದಲ್ಲ. ವಿಮಾನ ಹೊರಡುವ ಮೊದಲು ಆ ಇಬ್ಬರು ಹುಡುಗಿಯರು ಬಾಗಿಲು ಮುಚ್ಚಿದರು. ನಿನಗೆ ಹೇಳಬೇಕಾಗಿಲ್ಲ, ಮಗಳಿಗಾಗಿ ಬರೆಯುತ್ತೇನೆ. ಪ್ರತಿ ಬಾಗಿಲೊಳಗೂ ಅಪಾಯಕಾಲಕ್ಕೆಂದು ಒಂದು ಜಾರುಬಂಡಿ ಮಡಚಿಟ್ಟಿರುತ್ತಾರೆ ಮರಿ. ಹೊರಡುವಾಗ ಹಿಡಿಕೆ ತಿರುಗಿಸಬೇಕು. ಆಮೇಲೆ ಬಾಗಿಲು ತೆಗೆದರೆ ಜಾರುಬಂಡಿ ಗಾಳಿ ತುಂಬಿಕೊಂಡು ಸಿಡಿದು ಹೊರಗೆ ಬೀಳುತ್ತದೆ. ಇಳಿದ ಮೇಲೆ ಹಿಡಿಕೆಯನ್ನು ಮರೆಯದೆ ವಾಪಸು ತಿರುಗಿಸಬೇಕು. ಎರಡು ಸಲವೂ ಒಬ್ಬೊಬ್ಬಳೂ ತನ್ನ ಬಾಗಿಲಿನದನ್ನು ಮುಗಿಸಿಕೊಂಡು, ಆಚೆ ಬದಿಗೆ ಹೋಗಿ ಎದುರಿನವಳ ಹಿಡಿಕೆಯನ್ನು ಕಣ್ಣಾರೆ ನೋಡಿ, ಆಮೇಲೆ 'ನೋಡಿದೆ' ಅನ್ನಬೇಕು. ಆ ಹುಡುಗಿಯರಲ್ಲಿ ಒಬ್ಬಳು ಬಗ್ಗಿ, ಗೆಳತಿಯ ಹಿಡಿಕೆಯ ಹತ್ತಿರ ಮುಖ ತಂದು ನೋಡಿ, ತಲೆಯಾಡಿಸಿದಳು. ನನಗೆ ಅಳು ಉಕ್ಕಿ ಬಂತು. ಟವೆಲು ಮುಖಕ್ಕೆ ಒತ್ತಿಕೊಂಡೆ.

ಹಾಗಾಗಿ ಮಗಳಿಗೆ ನನ್ನ ಮಾತು ಇಷ್ಟೇ: ಫಸ್ಟ್ ಕ್ಲಾಸಿಗೇ ಹೋಗು. ಜೆಟ್ಟಿನಲ್ಲಿ ಬಾಗಿಲು ಒಂದೇ, ಅದನ್ನು ಮುಚ್ಚುವವಳೂ ಒಬ್ಬಳೇ. ನೀನು ಸರಿಯಾಗಿ ಮಾಡಿದೆಯಾ ಎಂದು ನೋಡುವವರು ಇಲ್ಲ, ನಿನಗೆ ಜ್ವರ ಬಂದರೆ ಹಣೆ ಮುಟ್ಟುವವರೂ ಇಲ್ಲ. ಇಪ್ಪತ್ತಮೂರನೇ ವಯಸ್ಸಿಗೆ ಅಂಥ ಒಂಟಿತನ ಕಲಿಯಬೇಡ ಕೂಸೇ, ಅದು ಬೇಗ ರೂಢಿಯಾಗಿಬಿಡುತ್ತದೆ.

ನಿನ್ನ ಮಂಡಿನೋವು ಹೇಗಿದೆ? ಕಂಪನಿಯ ಸಮವಸ್ತ್ರದ ಉಗ್ರಾಣದಲ್ಲಿ ದಿನವಿಡೀ ನಿಂತೇ ಇರಬೇಕಾ? ಒಂದು ಸ್ಟೂಲು ಕೇಳಿ ಇಸ್ಕೋ, ನಾಚಿಕೆ ಬೇಡ. ಭಾವನಿಗೆ ನಮಸ್ಕಾರ ತಿಳಿಸು. ಮಗಳಿಗೆ ಈ ಚಿಕ್ಕಮ್ಮನ ತುಂಬು ಆಶೀರ್ವಾದ. ಅವಳು ಏರಿದಷ್ಟು ಸಲವೂ ಅವಳ ವಿಮಾನ ಮೆತ್ತಗೆ ನೆಲ ಮುಟ್ಟಲಿ.

ನಿನ್ನ,
ಮೋಟು

ತಾ.ಕ.: ಎರಡನೆಯ ಪ್ರಶ್ನೆ ಮರೆತೆ ಎಂದು ಬರೆಯೋಣ ಅಂದುಕೊಂಡಿದ್ದೆ. ಮರೆತಿಲ್ಲ. ಇಲ್ಲಿಂದ ಮುಂದಿನದನ್ನು ಮಗಳಿಗೆ ಓದಿ ಹೇಳುವುದು ಬಿಡುವುದು ನಿನಗೆ ಸೇರಿದ್ದು.

ನಿನ್ನನ್ನು ಹಾರಾಟದಿಂದ ತೆಗೆದು ಉಗ್ರಾಣಕ್ಕೆ ಹಾಕಿಸಿತಲ್ಲ, ಆ ದಿನದ ಮಾತು. ವಿಮಾನ ಇಳಿದು ನಿಂತಿತ್ತು. ಬಲಗಡೆಯ ಬಾಗಿಲು ನಿನ್ನದು, ಎಡಗಡೆಯದು ನನ್ನದು. ಮೊದಲ ಸೀಟಿನಲ್ಲಿದ್ದವರು ಇದೇ ಯಜಮಾನರು. ನಾನು ಅವರ ಕೋಟು ಹಿಡಿದು ನಿಂತಿದ್ದೆ. "ಜೆಟ್ ತಗೋತಿದೀನಿ, ನಿಮ್ಮಂಥೋರೊಬ್ರು ಬೇಕು" ಎಂದು ತಮ್ಮ ಕಾರ್ಡು ಕೊಡುತ್ತಿದ್ದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಹಿಂದಿನಿಂದ ನೀನು "ನೋಡಿದ್ಯೇನೇ?" ಎಂದು ಕೂಗಿದೆ. ನಾನು ತಿರುಗಲಿಲ್ಲ. "ನೋಡ್ದೆ, ಸರಿ ಇದೆ" ಎಂದೆ. ನೀನು ಊಟದ ಗಾಡಿಯವರಿಗೆಂದು ಬಾಗಿಲು ತೆಗೆದೆ, ಜಾರುಬಂಡಿ ಸಿಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಅದೊಂದು ಪುಣ್ಯ.

ಹಿಡಿಕೆ ತಿರುಗಿಸಲು ನೀನು ಮರೆತದ್ದು ನಿಜ. ಆದರೆ ಮನುಷ್ಯರು ಮರೆಯುತ್ತಾರೆ ಎಂದೇ ತಾನೆ ಎದುರಿಗೆ ಇನ್ನೊಬ್ಬಳನ್ನು ನಿಲ್ಲಿಸುವುದು? ವಿಚಾರಣೆಯಲ್ಲಿ ಕೇಳಿದಾಗ ನಾನು, "ನಾನು ನೋಡಿದಾಗ ಸರಿಯಾಗೇ ಇತ್ತು, ಆಮೇಲೆ ಅವಳ ಕೈ ತಾಗಿರ್ಬೇಕು" ಎಂದುಬಿಟ್ಟೆ. ನಿನ್ನ ಮುಖ ನೋಡುತ್ತಲೇ ಹೇಳಿದೆ. ತಿಂಗಳೊಳಗೆ ಜೆಟ್ಟು ಸೇರಿಕೊಂಡೆ. ಹೇಳಿ ಹೋಗಬೇಕಾದರೆ ನಿನ್ನ ಮನೆಯ ಹೊಸ್ತಿಲು ದಾಟಿ ಒಳಗೆ ಬರಬೇಕಿತ್ತಲ್ಲ, ಅದಕ್ಕೆ ಧೈರ್ಯ ಸಾಲಲಿಲ್ಲ. ಇದನ್ನೆಲ್ಲ ಬರೆದು, ಸಹಿ ಹಾಕಿ, ಕಂಪನಿಗೂ ಇವತ್ತೇ ಕಳಿಸುತ್ತಿದ್ದೇನೆ. ಒಂಬತ್ತು ವರ್ಷ ತಡವಾಗಿ ಕಳಿಸಿದರೆ ನಿನಗೆ ಏನು ದಕ್ಕುತ್ತದೋ ಗೊತ್ತಿಲ್ಲ.

ಅವತ್ತು ವಿಚಾರಣೆ ಮುಗಿಸಿ ಬರುವಾಗ ಬಸ್ಸಿನಲ್ಲಿ ನೀನು ನನ್ನ ಕೈ ಹಿಡಿದುಕೊಂಡು, "ಅಳ್ಬೇಡ ಸುಮ್ನಿರೇ. ನೀನು ನೋಡಿದೀಯ ಅಂದ್ಮೇಲೆ ತಪ್ಪು ನಂದೇ" ಎಂದೆ.

ನಾನು ನೋಡಿರಲಿಲ್ಲ, ಏಣಿ.