ಮುಂದಿನ ಗಾಲಿಗಳು

ಮನೆಯಿಂದ,
ಮಾರ್ಚ್ ೧೩, ಸೋಮವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೆ? ಅಮ್ಮ ಫೋನಿನಲ್ಲಿ ಅಳುತ್ತ ಅಪ್ಪನ ಸುದ್ದಿ ಅರ್ಧಂಬರ್ಧ ಹೇಳಿದಳಂತೆ. ಅಪ್ಪ ಚೆನ್ನಾಗಿದ್ದಾರೆ. ಇದನ್ನು ಮೊದಲು ಓದಿಕೊಂಡು, ಮಿಕ್ಕಿದ್ದನ್ನು ನಿಧಾನವಾಗಿ ಓದು.

ಗುರುವಾರ ಬೆಟ್ಟದ ಮೇಲಿನ ಹವಾಮಾನ ಕೇಂದ್ರದ ಸೂರು ಸರಿಮಾಡಲು, ಅಲ್ಲಿಗೆ ಸಾಗಿಸುವ ಸಾಮಾನಿಲ್ಲದ ದಿನ ಜೀಪೇಕೆ ಎಂದು ಅಪ್ಪ ನಡೆದೇ ಹತ್ತಿದ್ದರು. ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿಯಿತು. ರಕ್ತ ಓಡದೆ ಪಾದ ತಣ್ಣಗಾಗುತ್ತಿದೆ ಎಂದು ಅಲ್ಲಿನ ಅಡುಗೆಯವನು ಫೋನ್ ಮಾಡಿದ. ಆಂಬುಲೆನ್ಸು ಡಾಂಬರು ಮುಗಿದಲ್ಲೇ ನಿಲ್ಲುತ್ತದೆ. ಉಳಿದದ್ದು ಶೆಡ್ಡಿನಲ್ಲಿದ್ದ ನಮ್ಮ ಜೀಪು, ಮತ್ತು ಸಪಾಟು ರಸ್ತೆ ಬಿಟ್ಟು ಬೇರೆಲ್ಲೂ ಓಡಿಸದ ನಾನು. “ಹೋಗು ಅನ್ನೋಕೂ ಬಾಯಿ ಬರ್ತಿಲ್ಲ, ಬೇಡ ಅನ್ನೋಕೂ ಬರ್ತಿಲ್ಲ ಕಣೇ,” ಎಂದಳು ಅಮ್ಮ.

ಹಳ್ಳ ದಾಟುವವರೆಗೆ ಎಲ್ಲ ಸರಿಯಿತ್ತು. ಆಮೇಲಿನ ಕಡಿದಾದ ತಿರುವಿನಲ್ಲಿ ನಾಲ್ಕೂ ಗಾಲಿಗಳಿಗೆ ಬಲ ಕೊಡುವ ಲಿವರ್ ಎಳೆದೆ. ಹಿಂದಿನ ಗಾಲಿಗಳು ಜಲ್ಲಿ ಎರಚುತ್ತ ಸುತ್ತಿದವು, ಜೀಪು ಮಾತ್ರ ಹಿಂದಕ್ಕೆ ಜಾರತೊಡಗಿತು. ಎಡಕ್ಕೆ ಕಣಿವೆ. ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಗಾಲಿಗಳಿಗೆ ಕಲ್ಲು ಕೊಟ್ಟು ಅಲ್ಲೇ ಕುಕ್ಕರಿಸಿದೆ. ಕಣ್ಣೆದುರಿಗೆ ಮುಂದಿನ ಗಾಲಿಯ ನಡುವಿನ ಬಿಲ್ಲೆ. ನಾವು ಮೂವರೂ ಹೋಗುವಾಗ ಬೆಟ್ಟದ ಬುಡದಲ್ಲಿ ನೀನು ಜೀಪು ನಿಲ್ಲಿಸುತ್ತಿದ್ದೆ, ಅಪ್ಪ ಇಳಿದು ಮುಂದೆ ಹೋಗಿ ಬಗ್ಗುತ್ತಿದ್ದರು, ಬೀಡಿ ಹಚ್ಚಿಕೊಂಡು ವಾಪಸಾಗುತ್ತಿದ್ದರು. ಗಾಳಿಗೆ ಮರೆ ಹುಡುಕಿ ಬಗ್ಗುತ್ತಾರೆ ಎಂದೇ ಹಿಂದೆ ಕೂತ ನಾನು ಇಷ್ಟು ವರ್ಷ ತಿಳಿದಿದ್ದೆ! ಅವರು ಬಗ್ಗಿ ತಿರುಗಿಸುತ್ತಿದ್ದುದು ಇದನ್ನೇ ಎಂದು ಅಲ್ಲಿ ಹೊಳೆಯಿತು. ಆ ಬಿಲ್ಲೆ ತಿರುಗಿಸದಿದ್ದರೆ ಒಳಗೆ ಲಿವರ್ ಎಷ್ಟು ಎಳೆದರೂ ಮುಂದಿನ ಗಾಲಿಗಳಿಗೆ ಬಲ ತಲುಪುವುದಿಲ್ಲ ಎಂದು ನೀವಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ನೀನು ನಿಲ್ಲಿಸುವುದು, ಅವರು ಇಳಿಯುವುದು, ಅಷ್ಟೆ. ಎರಡೂ ಬಿಲ್ಲೆ ತಿರುಗಿಸಿದೆ. ಜೀಪು ಆಡಿನ ಹಾಗೆ ಹತ್ತಿತು.

ಇಳಿಯುವಾಗ ಅಪ್ಪ ಹಿಂದೆ ಹಾಸಿಗೆಯ ಮೇಲೆ, ಅಡುಗೆಯವನು ಅವರ ಕಾಲು ಹಿಡಿದುಕೊಂಡು. ಕಲ್ಲಿಗೊಂದು ಅಪ್ಪನ ಬೈಗುಳ. “ಗಾಡಿ ಓಡಿಸ್ತಿದ್ದೀಯೋ, ಹಿಟ್ಟು ಜರಡಿ ಹಿಡೀತಿದ್ದೀಯೋ?” ಬೈಯುತ್ತಿರುವಷ್ಟು ಹೊತ್ತು ನನಗೆ ಧೈರ್ಯ. ಹಳ್ಳದ ಹತ್ತಿರ ಸದ್ದೇ ಇಲ್ಲ. ತಿರುಗಿ “ಅಪ್ಪಾ” ಎಂದೆ. “ರಸ್ತೆ ನೋಡೇ ತಾಯಿ, ನಾನೆಲ್ಲೂ ಓಡಿಹೋಗಲ್ಲ.”

ಮೂಳೆಗೆ ರಾಡು ಹಾಕಿದ್ದಾರೆ. ಕಾಲು ಉಳಿಯಿತು ಎಂದರು ಡಾಕ್ಟರು. ಪಾದ ಬೆಚ್ಚಗಿದೆ, ನಾನು ಮತ್ತೆ ಮತ್ತೆ ಮುಟ್ಟಿ ನೋಡಿದರೆ ಕಚಗುಳಿ ಎಂದು ರೇಗುತ್ತಾರೆ.

ಅಮ್ಮನ ಆಶೀರ್ವಾದ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ

ಮರೆತಿದ್ದೆ, ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ: ಅಪ್ಪನ ಬದಲು ಜೀಪು ಓಡಿಸಲು ಹಡಗಿನ ಕೆಲಸ ಬಿಟ್ಟು ಬರುತ್ತೇನೆ ಎಂದೆಯಂತೆ. ಬಿಡಬೇಡ. ನಿನ್ನೆ ಕೇಂದ್ರದ ಮೇಲಧಿಕಾರಿ ಆಸ್ಪತ್ರೆಗೆ ಬಂದು, “ಇನ್ಮೇಲೆ ಸಾಮಾನು ತರೋರು ಯಾರು?” ಎಂದು ಕೇಳಿದಾಗ ಅಪ್ಪ ಗದ್ದ ಎತ್ತಿ ನನ್ನ ಕಡೆ ತೋರಿಸಿದರು. ನಾಳೆ ಸಾಮಾನು ಹೇರಿಕೊಂಡು ಬೆಟ್ಟಕ್ಕೆ ಹೊರಡುತ್ತೇನೆ. ನೀನು ರಜೆಗೆ ಬಾ, ಸಾಕು.