ತೊಡೆಯ ಮೇಲಿನ ಮಗು

ಗುರುವಾರ, ಫೆಬ್ರವರಿ 12

ಭದ್ರಾವತಿ ಬಸ್ಸಿನಲ್ಲಿ ನಿಂತಿದ್ದ ಒಬ್ಬಾಕೆ, "ಅಮ್ಮಾ, ಸ್ವಲ್ಪ ಇವಳನ್ನ ಕೂರಿಸ್ಕೊಳ್ಳಿ" ಎಂದು ಮಗುವನ್ನು ನನ್ನ ತೊಡೆಗೆ ಹಾಕಿಬಿಟ್ಟಳು. ಬಸ್ಸಿನಲ್ಲಿ ಇದೇನೂ ಹೊಸತಲ್ಲ. ಆದರೆ ಎರಡು ವರ್ಷದಿಂದ ನನ್ನ ಕೈಗೆ ಯಾರೂ ಮಗು ಕೊಟ್ಟಿಲ್ಲ.

ಅಂದು ಕಾರಿನಲ್ಲಿ ಮಕ್ಕಳ ಸೀಟು ಇತ್ತು. ಅದರ ಬೆಲ್ಟಿನೊಳಗೆ ಮೊಮ್ಮಗಳು ಇಂಚರ ಅಳುತ್ತಿದ್ದಳು. "ಬಿಚ್ಚಿ ಕೊಡೇ ಮಾರಾಯ್ತಿ, ನನ್ನ ತೊಡೆ ಇಲ್ವಾ?" ಎಂದು ಮಗಳಿಗೆ ಹೇಳಿದವಳು ನಾನೇ. ಸವಳಂಗ ರಸ್ತೆಯಲ್ಲಿ ಕಾರು ಲಾರಿಗೆ ಗುದ್ದಿತು. ಮಗು ನನ್ನ ಕೈಯಲ್ಲಿ ನಿಲ್ಲಲಿಲ್ಲ. ನಾನು ಉಳಿದೆ.

ಮಗಳು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಫೋನೇ ಮಾಡುವುದಿಲ್ಲ.

ಇಂದು ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ತೊಡೆಯ ಮೇಲಿದ್ದ ಮಗುವನ್ನು ಅವುಚಿಕೊಂಡೆ. ಮಗು ಕಿರುಚಿತು. "ಬಿಡೀಮ್ಮ, ಅವಳಿಗೆ ನೋವಾಗ್ತಿದೆ" ಎಂದಳು ತಾಯಿ.

ನನ್ನ ಬೆರಳುಗಳನ್ನು ಅವಳೇ ಒಂದೊಂದಾಗಿ ಬಿಡಿಸಬೇಕಾಯಿತು.