ಮಾಡು ಇಳಿಸಿದ ಮೇಲೆ

ಥಾರ್ನ್‌ಮಿಯರ್, ನಾರ್ಫೋಕ್
೯ ನವೆಂಬರ್ ೧೯೬೨

ಪ್ರೀತಿಯ ವಿಲ್‌ಫ್ರೆಡ್,

ಯಾರ್ಮತ್‌ನ ಸಮುದ್ರದ ಗಾಳಿಗೆ ನಿನ್ನ ಕೆಮ್ಮು ಹೇಗಿದೆ? ನಿನ್ನ ತಂಗಿ ಕಾಲಕಾಲಕ್ಕೆ ಬಿಸಿಯಾಗಿ ಬಡಿಸುತ್ತಾಳೆಂದು ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ, ದಣಿದಿದ್ದೇನೆ ಅಷ್ಟೇ. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಬರೆಯುತ್ತಿದ್ದೇನೆ: ನಮ್ಮ ಚರ್ಚಿನ ಮಾಡು ಇಳಿಸಿದರು. ಇಳಿಸಿ ಎಂದವಳು ನಾನೇ.

ಮಾಡು ಹೊತ್ತ ಓಕ್ ತೊಲೆಗಳನ್ನು ಹುಳು ಒಳಗೊಳಗೇ ತಿಂದು ಹಿಟ್ಟು ಮಾಡಿತ್ತು. ಸುಗ್ಗಿ ಪ್ರಾರ್ಥನೆಯ ದಿನ ತೊಲೆಯ ತುದಿಗೆ ಕೆತ್ತಿದ್ದ ಮರದ ದೇವದೂತನೊಬ್ಬನ ರೆಕ್ಕೆ ಕಳಚಿ, ಪ್ಯಾಟಿ ಲಾರ್ಟರ್‌ಳ ಮಗುವಿನ ಗಾಡಿಯ ಪಕ್ಕಕ್ಕೇ ಬಿತ್ತು. ಮಗುವಿಗೆ ಎಚ್ಚರವೂ ಆಗಲಿಲ್ಲ. ನನಗೆ ಮಾತ್ರ ಅಂದಿನಿಂದ ನಿದ್ದೆಯಿಲ್ಲ.

ಉಣ್ಣೆ ಮಾರಿ ಊರು ಮೆರೆಯುತ್ತಿದ್ದ ಕಾಲದಲ್ಲಿ ಇಡೀ ಸೀಮೆಯೇ ಹಿಡಿಸಲೆಂದು ಕಟ್ಟಿದ ಹಜಾರ ಅದು. ಈಗ ಭಾನುವಾರಕ್ಕೆ ಬೆರಳೆಣಿಕೆಯ ಜನ. ಮಾಡು ಇಳಿಸಿ ಹಜಾರವನ್ನು ಬಯಲಿಗೆ ಬಿಟ್ಟರೆ ಚಕಮಕಿ ಕಲ್ಲಿನ ದುಂಡು ಗೋಪುರ, ಬಲಿಪೀಠದ ಕೋಣೆ ಎರಡನ್ನೂ ಉಳಿಸಬಹುದು, ಇಲ್ಲವಾದರೆ ಬೀಗವೇ ಗತಿ ಎಂದರು ಎಂಜಿನಿಯರು. ಚರ್ಚ್ ಸಮಿತಿಯ ಸಭೆಯಲ್ಲಿ ಮತ ಸಮಸಮ ಬಿತ್ತು. ಪಾದ್ರಿಗಳಿಗೆ ಜ್ವರ, ಅಧ್ಯಕ್ಷತೆ ನನ್ನದು. ಕೊನೆಯ ಮತಕ್ಕಾಗಿ ಎಲ್ಲರೂ ನನ್ನ ಮುಖ ನೋಡಿದರು. “ಇಳಿಸಿಬಿಡಿ” ಎಂದೆ.

ಏಗ್ನಸ್ ಅಜ್ಜಿ ನನ್ನನ್ನು ಬಾಗಿಲಲ್ಲೇ ಹಿಡಿದಳು. “ನಿಮ್ಮಪ್ಪ ಗಂಟೆ ಹೊಡೀತಿದ್ದ ಚರ್ಚು ಕಣೇ. ಕುರಿದೊಡ್ಡಿ ಮಾಡಿಬಿಟ್ಟೆಯಲ್ಲ.” “ಕುರಿಯಿಂದಲೇ ಎದ್ದದ್ದಲ್ವಾ ಅಜ್ಜಿ” ಎಂದುಬಿಟ್ಟೆ. ಅಂದಿನಿಂದ ಅವಳು ನನ್ನ ಬಳಿ ಮೊಟ್ಟೆ ಕೊಳ್ಳುವುದಿಲ್ಲ.

ನಿನ್ನೆ ಒಳಗೆ ಹೋಗಿದ್ದೆ. ಕಲ್ಲುಕಂಬಗಳ ಮೇಲೆ ಬರೀ ಆಕಾಶ. ನಾವಿಬ್ಬರೂ ಮದುವೆಗೆ ನಿಂತಿದ್ದ ಕಡೆ ಮಳೆನೀರು ನಿಂತಿತ್ತು. ಅದರಲ್ಲೊಂದು ಕಾಗೆ ಸ್ನಾನ ಮಾಡುತ್ತಿತ್ತು. ಅಳು ಬರಲಿಲ್ಲ. ಹೊರೆ ಇಳಿಸಿದವರಂತೆ ಗೋಡೆಗೊರಗಿ ಕೂತೆ. “ನಿನಗೆ ಗಂಡ ಯಾಕೆ, ಚರ್ಚಿದೆಯಲ್ಲ” ಎಂದು ಹೊರಟವನು ನೀನು. ಈಗ ಅದೂ ಅರ್ಧವೇ ಉಳಿದಿದೆ. ವಾಪಸು ಬಾ ಎಂದು ಬರೆಯುತ್ತಿಲ್ಲ. ಸುದ್ದಿ ತಿಳಿಸಿದೆ, ಅಷ್ಟೇ.

ಚಳಿಗೆ ಎದೆ ಬೆಚ್ಚಗಿಟ್ಟುಕೋ.

ಡೋರಾ

ಮರೆತಿದ್ದೆ: ದೇವದೂತರನ್ನೆಲ್ಲ ಸದ್ಯಕ್ಕೆ ನಮ್ಮ ಮನೆಯಲ್ಲೇ ತಂದಿಳಿಸಿದ್ದಾರೆ. ನಡುಮನೆ, ಅಡುಗೆಮನೆ, ಮೆಟ್ಟಿಲು, ನನ್ನ ಮಂಚದ ಪಕ್ಕ, ಎಲ್ಲಿ ತಿರುಗಿದರೂ ರೆಕ್ಕೆ ತಗಲುತ್ತದೆ. ನಿನ್ನ ಕೋಣೆ ಖಾಲಿಯಿದೆಯಲ್ಲ, ಉಳಿದವನ್ನು ಅಲ್ಲಿಡಲೇ ಎಂದು ಬಡಗಿ ಕೇಳಿದ. ಅದು ಖಾಲಿಯಿಲ್ಲಪ್ಪ ಎಂದೆ.